ಸಹಾಯ ಬೇಕು: ಹಿಂದ ಅಂಟ್ಕೊಂಡು ಬರೋ ಗಾಡಿಗಳು, ಸಿಟ್ಟಿಗೇಳೋ ನಮ್ಮ ಮನಿಯವರು

ನಮಸ್ಕಾರ್ರೀ. ನಾವು ಹುಬ್ಬಳ್ಳಿಯಿಂದ ಧಾರವಾಡಕ್ಕ ಕಾರಿನ್ಯಾಗ ಅಡ್ಡಾಡೋರು. ನಡುವಿನ ದಾರಿ ಚಿಗರಿ ಅನ್ನೋ ಸಿಟಿ ಬಸ್ಸಿಗೆ ಮೀಸಲು, ಉಳದೋರೆಲ್ಲಾ ಬಾಜೂಕ ಒತ್ಕೊಂಡು ಹೋಗಬೇಕು. ಉಣಕಲ್ ದಾಟಿದ ಕೂಡ್ಲೆ ಯಾರರ ಒಬ್ಬರು ಹಿಂದ ಅಂಟ್ಕೋತಾರ. ಹಾರ್ನ್ ಮ್ಯಾಲಿನ ಕೈ ತಗಿಯೂದಿಲ್ಲ, ಹೈಬೀಮ್ ಹೊಡದದ್ದ ಹೊಡದದ್ದು. ಜಾಗಾ ಬಿಟ್ಟು ಸುಮ್ನ ಇದ್ರ ಮುಗೀತು. ಆದ್ರ ನಮ್ಮನಿಯವರಿಗೆ ಪಿತ್ತ ನೆತ್ತಿಗೇರ್ತೈತಿ. ಬೇಕಂತ ಬ್ರೇಕ್ ಒತ್ತೂದು, ಗ್ಲಾಸ್ ಇಳ್ಸಿ ಬೈಯೂದು. ಮೊನ್ನೆ ಸತ್ತೂರ ಹತ್ರ ಒಬ್ಬಾಂವ ಕಾರ್ ಅಡ್ಡಾ ಹಾಕಿ ಇಳದ ಬಂದ. ಹಿಂದಿನ ಸೀಟಿನ್ಯಾಗ ಮಗಳು ಕಿವಿ ಮುಚ್ಕೊಂಡು ಕುಂತಿದ್ಲು. ನಾನು ಡೋರ್ ಲಾಕ್ ಮಾಡ್ಸಿ 112ಕ್ಕ ಫೋನ್ ಹಚ್ಚಿದ್ದು ನೋಡಿ ಹೋದ.

ಸ್ಟೇರಿಂಗ್ ಮುಂದ ಕುಂತೋರನ್ನ ತಣ್ಣಗ ಇಡೂದು ಹ್ಯಾಂಗ್ರಿ? “ಇರ್ಲಿ ಬಿಡ್ರಿ” ಅಂದ್ರ ಸಿಟ್ಟು ನನ್ನ ಮ್ಯಾಲೆ ತಿರಗ್ತೈತಿ. ಡ್ಯಾಶ್‌ಕ್ಯಾಮ್ (ಕಾರಿನ್ಯಾಗ ಹಚ್ಚೋ ಕ್ಯಾಮೆರಾ) ಹಾಕ್ಸಿದೋರು ಇದ್ರ ಹೇಳ್ರಿ, ರಾತ್ರಿ ನಂಬರ್ ಪ್ಲೇಟ್ ಛಲೋ ಕಾಣೂದು ಯಾವುದರಾಗ? ಮೋಟಾರು ವಾಹನ ಕಾಯ್ದೆಯ 184ನೇ ಕಲಂದಾಗ ಅಪಾಯಕಾರಿ ಚಾಲನೆಗೆ ಮೊದಲ ಸಲಕ್ಕೇ ಜೈಲು, ಇಲ್ಲಾ 1000ದಿಂದ 5000 ರೂಪಾಯಿ ದಂಡ ಐತಿ. ವಿಡಿಯೊ ಇಟ್ಕೊಂಡು ದೂರು ಕೊಟ್ಟೋರು, ಠಾಣೆದಾಗ ಏನೇನ್ ಕೇಳಿದ್ರು ತಿಳಸ್ರಿ.

“ಅಕ್ಕಾರ, ನೀವ ಡ್ರೈವಿಂಗ್ ಕಲೀರಿ” ಅನ್ನೋರಿಗೆ ಈಗ್ಲೇ ಹೇಳ್ತೀನಿ: ಕಲ್ತೀನ್ರಿ, ಚಾವಿ ಕೊಡವಲ್ರು.