ಕಾರಿನ ತೆಳು ತಗಡಿಗೆ ಮನೆಯಲ್ಲೇ ಬೆಸುಗೆ: ತೂತು ಬೀಳದಂತೆ, ಸೊಟ್ಟಗಾಗದಂತೆ ಮಾಡುವುದು ಹೇಗೆ?

ಹಳೆಗಾಡಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸುಮಾರು ಮೂವತ್ತು ವರ್ಷ ಹಳೆಯದಾದ ಕಾರೊಂದನ್ನು ಬಿಡುವಿನ ವೇಳೆಯಲ್ಲಿ ನಾನೇ ಸರಿಪಡಿಸುತ್ತಿದ್ದೇನೆ. ಕಾರ್ಪೆಟ್ ಎತ್ತಿ ನೋಡಿದಾಗ ಚಾಲಕನ ಪಾದಗಳ ಕೆಳಗಿನ ತಗಡಿನಲ್ಲಿ ಅಂಗೈಯಗಲದ ಎರಡು ತೂತುಗಳು ಕಂಡವು. ಸ್ಕ್ರೂಡ್ರೈವರಿನಿಂದ ಸುತ್ತಲೂ ಚುಚ್ಚುತ್ತ ಹೋದರೆ, ಪೇಂಟ್ ಚೆನ್ನಾಗಿ ಕಾಣುತ್ತಿದ್ದ ಕಡೆಯಲ್ಲೂ ತುದಿ ಒಳಹೊಕ್ಕಿತು. ಗಟ್ಟಿ ಲೋಹ ಸಿಕ್ಕಿದ್ದು ಒಂದು ಗೇಣು ಆಚೆಗೆ.

ಗೇಟು, ಸ್ಟ್ಯಾಂಡುಗಳಂಥ ದಪ್ಪ ಕಬ್ಬಿಣಕ್ಕೆ ರಾಡ್ ವೆಲ್ಡಿಂಗ್ ಮಾಡಿ ನನಗೆ ರೂಢಿಯಿದೆ. ಅದೇ ಧೈರ್ಯದಿಂದ 2.5 ಮಿ.ಮೀ. ರಾಡ್ ಹಿಡಿದು 1 ಮಿ.ಮೀ. ತಗಡಿನ ತುಂಡುಗಳ ಮೇಲೆ ಪ್ರಯತ್ನಿಸಿದಾಗ, ಆರ್ಕ್ ಹೊತ್ತಿಕೊಂಡ ಕ್ಷಣದಲ್ಲೇ ತಗಡು ಕರಗಿ ಕೆಳಗೆ ಜಾರಿತು. ಬಳಿಕ ಗ್ಯಾಸ್ ಇಲ್ಲದೆ 0.8 ಮಿ.ಮೀ. ಫ್ಲಕ್ಸ್ ವೈರಿನಿಂದ (ಬೆಸುಗೆಯನ್ನು ಗಾಳಿಯಿಂದ ಕಾಪಾಡುವ ಪುಡಿಯನ್ನು ಒಳಗೆ ತುಂಬಿದ ವೈರು) ನಡೆಯುವ, ವೈರನ್ನು ತಾನೇ ಉಣಿಸುವ ಮಿಗ್ ಯಂತ್ರವೊಂದನ್ನು ಗೆಳೆಯರಿಂದ ತಂದೆ. ಅದರಲ್ಲಿ ಕಿಡಿ ವಿಪರೀತವಾಗಿ ಸಿಡಿಯುತ್ತದೆ, ಬೆಸುಗೆಯು ಮೇಣದ ಹನಿಗಳಂತೆ ತಗಡಿನ ಮೇಲೆ ಸುಮ್ಮನೆ ಕೂರುತ್ತದೆ, ವಿದ್ಯುತ್ ಹೆಚ್ಚಿಸಿದರೆ ಮತ್ತೆ ತೂತು ಬೀಳುತ್ತದೆ. ಎರಡು ಇಂಚು ಎಳೆದರೆ ಸಾಕು, ತುಂಡು ದೋಣಿಯಂತೆ ಬಾಗುತ್ತದೆ.

ತಪ್ಪು ಯಂತ್ರದಲ್ಲಿದೆಯೋ ನನ್ನ ವಿಧಾನದಲ್ಲಿದೆಯೋ ತಿಳಿಯದಾಗಿದೆ. ಬಾಗಿಲಿನ ಕೆಳಗಿನ ಸಿಲ್ ಕೂಡ ಒಂದೆಡೆ ಮೆತ್ತಗಾಗಿದೆ. ಅದನ್ನು ಮನೆಯಲ್ಲಿ ಮುಟ್ಟಬಹುದೇ ಎಂಬುದನ್ನೂ ದಯವಿಟ್ಟು ತಿಳಿಸಿ.

ನೀಲಿಕಿಡಿ

ಮೊದಲು ಯಂತ್ರದ ಪ್ಲಗ್ ಕಿತ್ತು, ಪಕ್ಕದ ಮುಚ್ಚಳ ತೆರೆದು ಪೋಲಾರಿಟಿ, ಅಂದರೆ ಯಾವ ತಂತಿ ಧನ ತುದಿಗೆ, ಯಾವುದು ಋಣ ತುದಿಗೆ ಸೇರಿದೆ ಎಂದು ನೋಡಿ. ಗ್ಯಾಸ್ ಜೊತೆ ಬಳಸುವ ಘನ ವೈರಿಗೆ ಟಾರ್ಚು (ವೈರು ಹೊರಬರುವ ಕೈಹಿಡಿ) ಧನ ತುದಿಗೂ ಅರ್ಥ್ ಕ್ಲಾಂಪು ಋಣ ತುದಿಗೂ ಸೇರಿರಬೇಕು. ಗ್ಯಾಸ್ ಬೇಡದ ಫ್ಲಕ್ಸ್ ವೈರಿಗೆ ಸಾಮಾನ್ಯವಾಗಿ ಇದರ ತಿರುವುಮುರುವು. ಹಿಂದೆ ಗ್ಯಾಸ್ ಜೊತೆ ಬಳಸುತ್ತಿದ್ದ ಯಂತ್ರಕ್ಕೆ ಫ್ಲಕ್ಸ್ ವೈರ್ ಏರಿಸಿ, ಒಳಗಿನ ತಂತಿಗಳನ್ನು ಅದಲುಬದಲು ಮಾಡುವುದನ್ನು ಮರೆತಾಗ, ನೀವು ಬರೆದಂಥದೇ ಸಿಡಿತವೂ ಗಂಟುಗಳೂ ಕಾಣುತ್ತವೆ.

ಅದು ಸರಿಯಾದ ಮೇಲೂ ಫ್ಲಕ್ಸ್ ವೈರ್ ತೆಳು ತಗಡಿಗೆ ಕಷ್ಟದ ಸಂಗಾತಿ. ಸಾಧ್ಯವಾದರೆ 0.6 ಮಿ.ಮೀ. ಘನ ವೈರಿಗೂ, 75 ಭಾಗ ಆರ್ಗಾನ್ ಮತ್ತು 25 ಭಾಗ ಕಾರ್ಬನ್ ಡೈಆಕ್ಸೈಡ್ ಇರುವ ಮಿಶ್ರಣಕ್ಕೂ ಬದಲಾಯಿಸಿಕೊಳ್ಳಿ. ಗ್ಯಾಸ್ ಹರಿವು ನಿಮಿಷಕ್ಕೆ 8ರಿಂದ 12 ಲೀಟರ್ ಇದ್ದರೆ ಸಾಕು, ಆದರೆ ಬೆಸುಗೆಯ ಜಾಗಕ್ಕೆ ನೇರವಾಗಿ ಗಾಳಿ ಬೀಸಬಾರದು. ಬೀಸಿದರೆ ರಕ್ಷಣೆಯ ಗ್ಯಾಸ್ ಚದುರಿ ಬೆಸುಗೆ ಜೇನುಗೂಡಿನಂತೆ ರಂಧ್ರಮಯವಾಗುತ್ತದೆ. ಕರಗದ ಟಂಗ್‌ಸ್ಟನ್ ತುದಿಯಿಂದ ಆರ್ಕ್ ಹೊತ್ತಿಸುವ ಟಿಗ್ ವಿಧಾನದ ಬೆಸುಗೆ ಸುಂದರವಾದುದು ನಿಜ, ಆದರೆ ತುಕ್ಕಿನ ವಾಸನೆಯಿದ್ದರೂ ಮುನಿಸಿಕೊಳ್ಳುತ್ತದೆ, ಕಾರಿನಡಿ ಮಲಗಿ ಮಾಡುವ ಕೆಲಸಕ್ಕಂತೂ ನಾನು ಅದನ್ನು ಸೂಚಿಸಲಾರೆ.

ಇನ್ನು ವಿಧಾನ. ದಪ್ಪ ಕಬ್ಬಿಣದಲ್ಲಿ ನಾವು ಗೆರೆ ಎಳೆಯುತ್ತೇವೆ. ತಗಡಿನಲ್ಲಿ ಚುಕ್ಕಿ ಇಡಬೇಕು. ಟ್ರಿಗರ್ ಒತ್ತಿ ಒಂದು ಸೆಕೆಂಡಿನೊಳಗೆ ಬಿಡಿ. ಮುಖಗವಚದ ಗಾಜಿನ ಮೂಲಕ ವೈರಿನ ಬೆಳಕನ್ನು ನೋಡದೆ, ಅದರ ಕೆಳಗೆ ಹುಟ್ಟುವ ಕರಗಿದ ಲೋಹದ ಪುಟ್ಟ ಕೊಳವನ್ನು ನೋಡಿ: ಅದು ಎರಡೂ ಅಂಚುಗಳನ್ನು ಒದ್ದೆ ಮಾಡಿ ಒಂದಾಗುವ ಕ್ಷಣವೇ ಬೆರಳು ಸಡಿಲಿಸುವ ಕ್ಷಣ. ಆ ಕೊಳದ ನಡುಭಾಗ ಕೆಳಕ್ಕೆ ಕುಸಿಯತೊಡಗಿದರೆ ತಡವಾಯಿತೆಂದು ತಿಳಿಯಿರಿ. ಚುಕ್ಕಿ ಆರಿದ ಮೇಲೆ ತುಂಡನ್ನು ಮಗುಚಿ ನೋಡಿದರೆ, ಹಿಂಬದಿಯಲ್ಲಿ ನೀಲಿ ಉಂಗುರದ ನಡುವೆ ಸಾಸಿವೆ ಕಾಳಿನಷ್ಟು ಉಬ್ಬು ಕಾಣಬೇಕು. ಉಬ್ಬಿಲ್ಲದೆ ಬರೀ ನೀಲಿ ಕಂಡರೆ ಬೆಸುಗೆ ಒಳಗಿಳಿದಿಲ್ಲ.

ಬೇಡದ ತುಂಡುಗಳ ಮೇಲೆ ಇಂಥ ಚುಕ್ಕಿಗಳನ್ನು ನೂರಾರು ಇಟ್ಟು, ಬೆಂಚ್ ವೈಸಿನಲ್ಲಿ ಹಿಡಿದು ಬಗ್ಗಿಸಿ ಕಿತ್ತು ನೋಡಿ. ಒಳ್ಳೆಯ ಬೆಸುಗೆಯಾದರೆ ಅದರ ಸುತ್ತಲಿನ ತಗಡು ಹರಿಯುತ್ತದೆ; ಕೆಟ್ಟದಾದರೆ ಗುಂಡಿ ಕಿತ್ತಂತೆ ಚುಕ್ಕಿಯೇ ಕಳಚಿಕೊಳ್ಳುತ್ತದೆ. ಈ ಪರೀಕ್ಷೆಯಲ್ಲಿ ಗೆಲ್ಲುವವರೆಗೆ ಕಾರಿನ ಹತ್ತಿರ ಹೋಗಬೇಡಿ ಎಂಬುದು ನನ್ನ ಪ್ರೀತಿಯ ಒತ್ತಾಯ.

ಮರದಕೊಡತಿ

ಬಾಗುವುದರ ಬಗ್ಗೆ ನಾನು ಬರೆಯುತ್ತೇನೆ. 100 ಮಿ.ಮೀ. ಉದ್ದದ ಉಕ್ಕನ್ನು 500 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಬಿಸಿ ಮಾಡಿದರೆ ಅದು ಅರ್ಧ ಮಿಲಿಮೀಟರಿಗೂ ಹೆಚ್ಚು ಹಿಗ್ಗುತ್ತದೆ. ಸುತ್ತಲಿನ ತಣ್ಣನೆಯ ತಗಡು ಆ ಹಿಗ್ಗುವಿಕೆಗೆ ಎಡೆಕೊಡದ ಕಾರಣ, ಮೆತ್ತಗಾಗಿರುವ ಬಿಸಿ ಭಾಗ ತನ್ನಲ್ಲೇ ಒತ್ತಿಕೊಂಡು ದಪ್ಪಗಾಗುತ್ತದೆ. ತಣಿಯುವಾಗ ಮೊದಲಿದ್ದ ಉದ್ದಕ್ಕೆ ಬಾರದೆ ಕುಗ್ಗಿ, ಅಕ್ಕಪಕ್ಕವನ್ನು ತನ್ನತ್ತ ಎಳೆಯುತ್ತದೆ. ಹೀಗೆ ಪ್ರತಿ ಬೆಸುಗೆಯೂ ಒಂದಿಷ್ಟು ಕುಗ್ಗಿಯೇ ತೀರುತ್ತದೆ, ಮತ್ತು ಆ ಕುಗ್ಗುವಿಕೆಯನ್ನು ಹಂಚುವುದೇ ನಮ್ಮ ಕೈಲಾಗುವ ಕೆಲಸ.

ಆದ್ದರಿಂದ ಮೊದಲ ಚುಕ್ಕಿ ಒಂದು ಮೂಲೆಗೆ, ಎರಡನೆಯದು ಎದುರು ಮೂಲೆಗೆ, ಆಮೇಲೆ ಅವುಗಳ ನಡುವೆ, ಮತ್ತೆ ಆ ನಡುವಿನ ನಡುವೆ ಇಡುತ್ತ ಬನ್ನಿ. ಹೊಸ ಚುಕ್ಕಿ ಇಡುವ ಮೊದಲು ಆ ಜಾಗ ಬರಿಗೈ ಇಡುವಷ್ಟು ತಣಿದಿರಲಿ. ನೀರು ಸುರಿದು ತಣಿಸಬೇಡಿ. ತೇಪೆಯನ್ನು ಕತ್ತರಿಸುವಾಗ ಮೂಲೆಗಳನ್ನು ದುಂಡಗೆ ಮಾಡಿ, ಏಕೆಂದರೆ ಚೂಪಾದ ಮೂಲೆಗೆ ಎರಡು ಬದಿಯ ಶಾಖವೂ ಒಟ್ಟಿಗೆ ಬಂದು ಸೇರುತ್ತದೆ. ಅಂಚುಗಳ ನಡುವಿನ ಸಂದು ವೈರಿನ ದಪ್ಪವನ್ನು ಮೀರದಿರಲಿ, ಹಿಂಬದಿಗೆ ತಾಮ್ರದ ಪಟ್ಟಿಯೊಂದನ್ನು ಒತ್ತಿ ಹಿಡಿದರೆ ಅದು ಶಾಖವನ್ನೂ ಹೀರುತ್ತದೆ, ಕರಗಿದ ಉಕ್ಕು ಅದಕ್ಕೆ ಅಂಟಿಕೊಳ್ಳುವುದೂ ಇಲ್ಲ.

ಇಷ್ಟಾದರೂ ತಗಡು ಒಳಗೆಳೆದರೆ, ಬೆಸುಗೆಯ ಕೆಳಗೆ ಡಾಲಿ (ಕೈಯಲ್ಲಿ ಹಿಡಿಯುವ ನಯವಾದ ಉಕ್ಕಿನ ಗಟ್ಟಿ) ಹಿಡಿದು ಮೇಲಿನಿಂದ ಹಗುರವಾಗಿ ಸುತ್ತಿಗೆ ಬಡಿಯಿರಿ. ಕುಗ್ಗಿದ ಲೋಹ ಅಲ್ಲೇ ಹಿಗ್ಗಿ ಎಳೆತ ಸಡಿಲವಾಗುತ್ತದೆ. ಗ್ರೈಂಡರಿನಲ್ಲಿ ಮಟ್ಟ ಮಾಡುವಾಗಲೂ ಅವಸರ ಬೇಡ: ಒಂದೇ ಜಾಗದಲ್ಲಿ ಒತ್ತಿ ಹಿಡಿದ ಫ್ಲಾಪ್ ಡಿಸ್ಕ್, ಬೆಸುಗೆಗಿಂತ ಹೆಚ್ಚು ಶಾಖ ತುಂಬಿ, ಉಳಿದಿದ್ದ ತಗಡನ್ನೂ ಸವೆಸಿಬಿಡುತ್ತದೆ.

ಹಳೆಗಾಡಿ

ನೀಲಿಕಿಡಿ ಅವರ ಊಹೆ ಸರಿಯಾಗಿತ್ತು. ತಂತಿಗಳು ಗ್ಯಾಸಿನ ಜೋಡಣೆಯಲ್ಲೇ ಇದ್ದವು. ಬದಲಾಯಿಸಿದ ಕೂಡಲೇ ಸಿಡಿತ ಅರ್ಧಕ್ಕಿಂತ ಕಡಿಮೆಯಾಯಿತು, ಸದ್ದೂ ಒಂದೇ ಸಮವಾಗಿದೆ. ನಲವತ್ತು ತುಂಡುಗಳನ್ನು ಕಿತ್ತು ನೋಡಿದ್ದೇನೆ. ಕೊನೆಯ ಹನ್ನೆರಡರಲ್ಲಿ ತಗಡೇ ಹರಿಯಿತು. ಆದರೂ ಘನ ವೈರಿಗೂ ಗ್ಯಾಸಿಗೂ ವ್ಯವಸ್ಥೆ ಮಾಡಿಕೊಂಡೇ ಕಾರಿನ ಕೆಲಸಕ್ಕೆ ಇಳಿಯುತ್ತೇನೆ.

ಹಳೇಶೆಡ್ಡು

ಕಾರಿಗೆ ಇಳಿಯುವ ಮೊದಲು ನನ್ನ ಅನುಭವವನ್ನು ದಯವಿಟ್ಟು ಓದಿ. ಹಿಂದಿನ ಚಕ್ರದ ಕಮಾನಿಗೆ ನಾನು ನಾಲ್ಕೇ ನಾಲ್ಕು ಚುಕ್ಕಿ ಇಟ್ಟು, ಯಂತ್ರ ಆರಿಸಿ ಊಟಕ್ಕೆ ಹೋಗಿದ್ದೆ. ಮುಕ್ಕಾಲು ಗಂಟೆಯ ಬಳಿಕ ಮರಳಿದಾಗ ಶೆಡ್ಡಿನಲ್ಲಿ ಸುಟ್ಟ ರಬ್ಬರಿನ ವಾಸನೆ. ಕಾರಿನ ಚಾವಣಿಯನ್ನು ಹೊತ್ತಿರುವ ಕಂಬದೊಳಗೆ ಸದ್ದು ತಡೆಯಲು ತುಂಬಿದ್ದ ಫೋಮು, ಜ್ವಾಲೆಯಿಲ್ಲದೆ, ಒಳಗೊಳಗೇ ಹೊಗೆಯಾಡುತ್ತಿತ್ತು. ಇನ್ನು ಸ್ವಲ್ಪ ಹೊತ್ತು ತಡವಾಗಿದ್ದರೆ ಕಾರೂ ಶೆಡ್ಡೂ ಉಳಿಯುತ್ತಿರಲಿಲ್ಲ. ಅಂದಿನಿಂದ ಬೆಸುಗೆ ಮುಗಿದ ಮೇಲೆ ಒಂದು ಗಂಟೆ ಅಲ್ಲೇ ಇದ್ದು, ಹಿಂಬದಿಯ ತಗಡನ್ನು ಕೈಯಿಂದ ಮುಟ್ಟಿ ನೋಡಿಯೇ ಹೊರಡುತ್ತೇನೆ.

ನಿಮ್ಮ ಕಾರಿನಲ್ಲೂ ಸೀಟು, ಕಾರ್ಪೆಟ್, ಅಡಿಭಾಗದ ಡಾಂಬರಿನಂಥ ಲೇಪ, ಪೊಳ್ಳಿನೊಳಗಿನ ಮೇಣ ಇವೆಲ್ಲವೂ ಉರಿಯುವ ವಸ್ತುಗಳೇ. ನೆಲದ ಕೆಳಗೆ ಇಂಧನದ ಕೊಳವೆ ಹಾದುಹೋಗಿದ್ದರೆ ಅದನ್ನು ಬಿಚ್ಚಿ, ಟ್ಯಾಂಕನ್ನು ಕಾರಿನಿಂದಲೇ ಇಳಿಸಿ ದೂರ ಇಡಿ. ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ, ಏಕೆಂದರೆ ಸ್ಫೋಟಿಸುವುದು ಆವಿ ಮತ್ತು ಗಾಳಿಯ ಮಿಶ್ರಣ. ಬ್ಯಾಟರಿಯ ಸಂಪರ್ಕ ತೆಗೆದು, ಅರ್ಥ್ ಕ್ಲಾಂಪನ್ನು ಬೆಸುಗೆಯ ಪಕ್ಕದಲ್ಲೇ ಹೊಳೆಯುವ ಲೋಹಕ್ಕೆ ಕಚ್ಚಿಸಿ. ದೂರ ಕಚ್ಚಿಸಿದರೆ ವಿದ್ಯುತ್ತು ಬೇರಿಂಗುಗಳ ಮೂಲಕ ದಾರಿ ಹುಡುಕಬಹುದು.

ಹೊಗೆಯ ವಿಷಯವೂ ಅಷ್ಟೇ ಗಂಭೀರವಾದುದು. ಸತುವಿನ ಲೇಪವಿರುವ ತಗಡಿನಲ್ಲಿ ಉಕ್ಕು ಕರಗುವ ಬಹಳ ಮೊದಲೇ, 907 ಡಿಗ್ರಿಯಲ್ಲಿ ಸತು ಕುದಿದು ಬಿಳಿ ಹೊಗೆಯಾಗುತ್ತದೆ. ಅದನ್ನು ಉಸಿರಾಡಿದವರಿಗೆ ಕೆಲವು ಗಂಟೆಗಳ ಬಳಿಕ ಚಳಿ ಜ್ವರ ಬರುತ್ತದೆ. ಲೇಪವನ್ನು ಎರಡೂ ಬದಿಯಿಂದ ಉಜ್ಜಿ ತೆಗೆದು, ಬಾಗಿಲು ತೆರೆದಿಟ್ಟು, ಲೋಹದ ಹೊಗೆಗೆ ತಕ್ಕ ಮಾಸ್ಕ್ ಧರಿಸಿ. ತಗಡನ್ನು ಒರೆಸಲು ಕ್ಲೋರಿನ್ ಇರುವ ಬ್ರೇಕ್ ಕ್ಲೀನರನ್ನು ಎಂದಿಗೂ ಬಳಸಬೇಡಿ: ಆರ್ಕಿನ ಶಾಖ ಮತ್ತು ನೇರಳಾತೀತ ಕಿರಣಗಳಿಂದ ಅದು ಫಾಸ್ಜೀನ್ ಎಂಬ ವಿಷಾನಿಲವಾಗಬಲ್ಲದು. ಮೈತುಂಬ ಹತ್ತಿಬಟ್ಟೆ, ಚರ್ಮದ ಕೈಗವಸು ಇರಲಿ. ಆರ್ಕ್ ಬೆಳಕು ತಾಗಿದ ಕಣ್ಣಿನ ಉರಿ ಆಗಲೇ ಗೊತ್ತಾಗುವುದಿಲ್ಲ, ರಾತ್ರಿ ಮರಳು ಸುರಿದಂತೆ ಕಾಡುತ್ತದೆ.

ನೀಲಿಕಿಡಿ

ಸಿಲ್ ಬಗ್ಗೆ ಕೇಳಿದ್ದೀರಿ. ನೆಲದ ತೇಪೆ ತಪ್ಪಿದರೆ ಮತ್ತೆ ಕತ್ತರಿಸಿ ಮಾಡಬಹುದು. ಸಿಲ್ ಮಾತ್ರ ಕಾರಿನ ಬೆನ್ನೆಲುಬಿನ ಭಾಗ. ಅದನ್ನು ಕತ್ತರಿಸಿದ ಕೂಡಲೇ ದೇಹ ನಡುವಿನಲ್ಲಿ ಜೋತುಬೀಳಬಹುದು, ಮತ್ತು ಆ ಸ್ಥಿತಿಯಲ್ಲೇ ಬೆಸೆದರೆ ಬಾಗಿಲು ಮತ್ತೆಂದೂ ಸರಿಯಾಗಿ ಕೂರುವುದಿಲ್ಲ. ಮಾಡುವುದೇ ಆದರೆ, ಕತ್ತರಿಸುವ ಮೊದಲು ಬಾಗಿಲಿನ ಸುತ್ತಲ ಸಂದುಗಳನ್ನು ಹಲವೆಡೆ ಅಳೆದು ಬರೆದಿಟ್ಟುಕೊಂಡು, ಬಾಗಿಲ ಚೌಕಟ್ಟಿನೊಳಗೆ ಅಡ್ಡಲಾಗಿ ಕಬ್ಬಿಣದ ಕೊಳವೆ ಬಿಗಿದು, ಒಮ್ಮೆಗೆ ಒಂದೇ ಭಾಗ ತೆಗೆದು, ಪ್ರತಿ ಹಂತದಲ್ಲೂ ಅಳತೆ ಹೋಲಿಸಬೇಕು. ಕಾರ್ಖಾನೆಯ ಸ್ಪಾಟ್ ವೆಲ್ಡ್ (ಎರಡು ತಗಡುಗಳನ್ನು ಒತ್ತಿ ಹಿಡಿದು ಮಾಡಿದ ಚುಕ್ಕಿ ಬೆಸುಗೆ) ಇದ್ದಲ್ಲಿ ಮೇಲಿನ ತಗಡಿಗೆ 6ರಿಂದ 8 ಮಿ.ಮೀ. ತೂತು ಕೊರೆದು, ಅದರ ಮೂಲಕ ಕೆಳಗಿನ ತಗಡನ್ನು ಮೊದಲು ಕರಗಿಸಿ ತೂತು ತುಂಬಿಸುವುದು ಸರಿಯಾದ ಕ್ರಮ.

ಸೀಟ್ ಬೆಲ್ಟ್ ಬಿಗಿಯುವ ಜಾಗ, ಸಸ್ಪೆನ್ಷನ್ ಹಿಡಿದಿರುವ ಜಾಗ ಇವುಗಳಿಗೆ ಮಾತ್ರ ಅನುಭವಿಯೊಬ್ಬರನ್ನು ಕರೆಯಿರಿ. ಅಲ್ಲಿ ನಿಮ್ಮ ಬೆಸುಗೆಯ ಮೊದಲ ನಿಜವಾದ ಪರೀಕ್ಷೆ ಅಪಘಾತದಲ್ಲೇ ನಡೆಯುತ್ತದೆ. ಇದನ್ನು ಓದುವ ಇತರರಿಗೂ ಒಂದು ಮಾತು: ಈಚಿನ ಕಾರುಗಳ ಕಂಬಗಳಲ್ಲಿ ಬೋರಾನ್ ಸೇರಿಸಿ ಬಿಸಿಯಾಗಿ ಅಚ್ಚೊತ್ತಿದ ಅತಿಬಲದ ಉಕ್ಕಿರುತ್ತದೆ. ಬೆಸುಗೆಯ ಶಾಖ ತಾಗಿದ ಕಡೆ ಅದರ ಬಲ ಕುಂದುತ್ತದೆ, ಹೊರನೋಟಕ್ಕೆ ಏನೂ ತಿಳಿಯುವುದಿಲ್ಲ.

ಹಳೆಗಾಡಿ

ನಿಮ್ಮೆಲ್ಲರಿಗೂ ಮನಸಾರೆ ಕೃತಜ್ಞತೆಗಳು. ನೆಲವನ್ನು ನಾನೇ ಮಾಡುತ್ತೇನೆ. ಸಿಲ್ಲಿಗೆ ಅನುಭವಿಯೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತೇನೆ. ಕೊನೆಯದಾಗಿ, ಒಂದರ ಮೇಲೊಂದು ತಗಡು ಬರುವ ಕಡೆ ಒಳಗೆ ಪೇಂಟ್ ಹಚ್ಚಲಾಗುವುದಿಲ್ಲ. ಅಲ್ಲಿ ಮತ್ತೆ ತುಕ್ಕು ಹಿಡಿಯದಂತೆ ಏನು ಮಾಡಬೇಕು?

ಮರದಕೊಡತಿ

ಜೋಡಿಸುವ ಮೊದಲೇ ಎರಡೂ ಮುಖಗಳಿಗೆ, ಬೆಸುಗೆ ತಡೆದುಕೊಳ್ಳುವ ಸತುವಿನ ಪ್ರೈಮರ್ ತೆಳ್ಳಗೆ ಬಳಿದು ಪೂರ್ತಿ ಒಣಗಿಸಿ, ಚುಕ್ಕಿ ಬೀಳುವ ಜಾಗದಲ್ಲಷ್ಟೇ ಕೆರೆದು ಬರಿದು ಮಾಡಿ. ಬೆಸುಗೆಯ ಬಳಿಕ ಸಂದುಗಳಿಗೆ ಸೀಮ್ ಸೀಲರ್ ತುಂಬಿ, ಮೇಲೆ ಪೇಂಟ್ ಹಚ್ಚಿ. ಪೊಳ್ಳಿನೊಳಗೆ ಉದ್ದನೆಯ ನಳಿಕೆಯಿಂದ ಮೇಣ ಸಿಂಪಡಿಸುವುದನ್ನು ಎಲ್ಲ ಬೆಸುಗೆಯೂ ಮುಗಿದ ಮೇಲೆಯೇ ಮಾಡಿ, ಮತ್ತು ನೀರು ಹರಿದುಹೋಗಲು ತಯಾರಕರು ಬಿಟ್ಟಿರುವ ಕಿಂಡಿಗಳು ಮುಚ್ಚಿಹೋಗಿಲ್ಲವೇ ಎಂದು ತಂತಿ ತೂರಿಸಿ ನೋಡಿ.