ಒಲೆಯ ನಾಬ್ ಕೈತಪ್ಪಿ ತಿರುಗದಂತೆ ನೀವು ಏನು ಮಾಡಿದ್ದೀರಿ?

ಪ್ರಶ್ನೆ: ನಮ್ಮ ಗ್ಯಾಸ್ ಒಲೆಯ ನಾಬ್‌ಗಳು ಮುಂಭಾಗದಲ್ಲಿವೆ. ಕಟ್ಟೆಗೆ ಒರಗಿ ಕೆಲಸ ಮಾಡುತ್ತಿದ್ದಾಗ ಸೊಂಟ ತಗುಲಿ ಒಂದು ನಾಬ್ ತಿರುಗಿತು. ಉರಿಯಿಲ್ಲದೆ ಗ್ಯಾಸ್ ಸೋರುತ್ತಿದ್ದುದು ವಾಸನೆಯಿಂದಷ್ಟೇ ತಿಳಿಯಿತು. ಮನೆಯಲ್ಲಿ ಈಗಷ್ಟೇ ನಡೆಯಲು ಕಲಿತ ಮಗುವಿದೆ, ಮರೆವು ಹೆಚ್ಚುತ್ತಿರುವ ಮಾವನವರೂ ಇದ್ದಾರೆ. ನಾಬ್‌ಗಳ ನಡುವೆ ಎರಡು ಬೆರಳಿನಷ್ಟೂ ಜಾಗವಿಲ್ಲ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಅವಳಿ ಮಕ್ಕಳ ತಾಯಿ: ನಾನು ಪಾರದರ್ಶಕ ಪ್ಲಾಸ್ಟಿಕ್ ಕವರ್ ಹಾಕಿದವಳು, ಇಂದಿಗೂ ಅದನ್ನೇ ಬಳಸುತ್ತಿದ್ದೇನೆ. ಮೊದಲು ತಂದ ಕವರ್‌ಗಳು ನಮ್ಮ ನಾಬ್‌ಗೆ ಕೂದಲೆಳೆಯಷ್ಟು ಚಿಕ್ಕದಾದವು. ಪೊಟ್ಟಣ ಒಡೆದಿದ್ದರಿಂದ ಅಂಗಡಿಯವರು ಅವನ್ನು ವಾಪಸ್ಸು ತೆಗೆದುಕೊಳ್ಳಲಿಲ್ಲ. ಆಮೇಲೆ ತಂದವು ಅಂಟಿನ ಮೇಲೆ ನಿಲ್ಲುವಂಥವು. ಎಣ್ಣೆಯ ಜಿಡ್ಡು ಸೇರಿದಂತೆ ಅಂಟು ಬಿಡುತ್ತಾ ಬಂತು, ದೊಡ್ಡ ಬರ್ನರ್‌ನ ಎದುರಿನ ಕವರ್ ಶಾಖಕ್ಕೆ ಸೊಟ್ಟಗಾಗಿ ಅದರ ಮುಚ್ಚಳವೇ ಕೂರದಂತಾಯಿತು. ಕೊನೆಗೆ, ನಾಬ್ ಕಳಚಿ, ಕವರ್‌ನ ತಳದ ಬಳೆಯನ್ನು ಒಳಗಿನ ಲೋಹದ ಕಡ್ಡಿಗೆ ತೂರಿಸಿ, ಅದರ ಮೇಲೆ ನಾಬ್ ಕೂರಿಸುವ ಮಾದರಿ ಸಿಕ್ಕಿತು; ಅದು ಅಲ್ಲಾಡಿಲ್ಲ. ಎಲ್ಲ ಖರ್ಚು ಕೂಡಿಸಿದರೆ ಚಿಕ್ಕದೊಂದು ಹೊಸ ಒಲೆಯೇ ಬರುತ್ತಿತ್ತೆಂದು ಮನೆಯವರು ಈಗಲೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಆ ಮುಚ್ಚಳ ಕೀಳಲು ನನ್ನ ಮಕ್ಕಳಿಬ್ಬರೂ ಮಾಡದ ಸಾಹಸವಿಲ್ಲ.

ನಾಬ್ ಕಳಚಿಡುವವರು: ಇಷ್ಟೆಲ್ಲ ಖರ್ಚು ಏಕೆಂದು ನನಗೆ ಅರ್ಥವಾಗುವುದಿಲ್ಲ. ಅಡುಗೆ ಮುಗಿದು ನಾಬ್ ತಣ್ಣಗಾದ ಮೇಲೆ ಎಳೆದು ತೆಗೆದು, ಮೇಲಿನ ಕಪಾಟಿನ ಡಬ್ಬಿಯಲ್ಲಿ ಹಾಕಿದರೆ ಕೆಲಸ ಮುಗಿಯಿತು. ನನಗೆ ಆದ ನಷ್ಟವೆಂದರೆ, ಪದೇ ಪದೇ ಎಳೆದುದರಿಂದ ನಾಬ್‌ನ ಒಳಗಿನ ಸ್ಪ್ರಿಂಗ್ ಪಟ್ಟಿ ಸಡಿಲವಾಯಿತು. ಬದಲಿ ನಾಬ್ ಹುಡುಕುವುದು ಮಾತ್ರ ಸಾಕುಸಾಕಾಗುವ ಕೆಲಸ. ಕಡ್ಡಿಯ ಒಂದು ಮಗ್ಗುಲು ಚಪ್ಪಟೆಯಾಗಿರುತ್ತದೆ, ಆ ಚಪ್ಪಟೆ ಯಾವ ಕಡೆಗಿದೆ ಎಂಬುದು ತಯಾರಕರಿಂದ ತಯಾರಕರಿಗೆ ಬೇರೆ. ಬೇರೆ ಒಲೆಯ ನಾಬ್ ಕೂರಿಸಿದಾಗ ಗುರುತು ‘ಮುಚ್ಚಿದೆ’ ಎಂದು ತೋರಿಸುತ್ತಿತ್ತು, ಬರ್ನರ್ ಮಾತ್ರ ಸಣ್ಣಗೆ ಉರಿಯುತ್ತಲೇ ಇತ್ತು. ಅದನ್ನು ಅಂದೇ ಎಸೆದು ಮೂಲ ತಯಾರಕರಿಂದಲೇ ತರಿಸಿಕೊಂಡೆ.

ಅವಳಿ ಮಕ್ಕಳ ತಾಯಿ: ಅಂದರೆ ನಿಮ್ಮ ಖರ್ಚಿಲ್ಲದ ಉಪಾಯಕ್ಕೂ ಖರ್ಚಾಗಿದೆ. ಅದೂ ಅಲ್ಲದೆ, ಕೈತುಂಬ ಕೆಲಸವಿದ್ದ ದಿನ ನಾಬ್ ಒಲೆಯಲ್ಲೇ ಉಳಿಯುತ್ತದೆ. ಮಗು ಕಾಯುತ್ತಿರುವುದು ಆ ದಿನಕ್ಕೇ.

ಒಲೆ ಬದಲಿಸಿದವರು: ಇಬ್ಬರೂ ನಾಬ್‌ನೊಡನೆ ಗುದ್ದಾಡುತ್ತಿದ್ದೀರಿ, ದೋಷ ಹಳೆಯ ಕವಾಟದಲ್ಲೇ ಇರಬಹುದು. ಒತ್ತಿ ತಿರುಗಿಸಬೇಕಾದ ನಾಬ್ ಸೊಂಟ ತಗುಲಿ ತಿರುಗಿತೆಂದರೆ ಒಳಗಿನ ಸ್ಪ್ರಿಂಗ್ ಸೋತಿರಬಹುದು. ನಾನು ಉರಿ ಆರಿದರೆ ಗ್ಯಾಸ್ ನಿಲ್ಲಿಸುವ ವ್ಯವಸ್ಥೆಯಿರುವ ಒಲೆ ತಂದೆ. ಅದರಲ್ಲಿ ಬರ್ನರ್ ಪಕ್ಕದ ಥರ್ಮೋಕಪಲ್ ಉರಿಯ ಬಿಸಿಗೆ ಕೆಲವೇ ಮಿಲಿವೋಲ್ಟ್ ವಿದ್ಯುತ್ತನ್ನು ಹುಟ್ಟಿಸಿ, ಪುಟ್ಟದೊಂದು ವಿದ್ಯುತ್ಕಾಂತದ ಮೂಲಕ ಕವಾಟವನ್ನು ತೆರೆದಿಡುತ್ತದೆ. ಉರಿ ಇಲ್ಲದಿದ್ದರೆ ಥರ್ಮೋಕಪಲ್ ತಣ್ಣಗಿರುತ್ತದೆ, ನಾಬ್ ಸುಮ್ಮನೆ ತಿರುಗಿದರೂ ಗ್ಯಾಸ್ ಹರಿಯುವುದಿಲ್ಲ. ಒಲೆಯ ಬೆಲೆ ಸಾಮಾನ್ಯ ಒಲೆಯ ದುಪ್ಪಟ್ಟಿಗಿಂತ ಹೆಚ್ಚಾಯಿತು. ಸಾಲದೆಂಬಂತೆ, ಹಾಲು ಉಕ್ಕಿ ಥರ್ಮೋಕಪಲ್‌ನ ತುದಿಗೆ ಕರಿ ಹಿಡಿದು, ನಾಬ್ ಬಿಟ್ಟೊಡನೆ ಉರಿ ಆರತೊಡಗಿತು. ರಿಪೇರಿಯವನು ಬಂದು ತುದಿಯನ್ನು ಒರೆಸಿದ್ದಕ್ಕೇ ಪೂರ್ತಿ ಭೇಟಿಯ ಶುಲ್ಕ ಕೇಳಿದ. ಆದರೂ ಕವರ್‌ನಂಥ ಆಟಿಕೆಗಿಂತ ಇದು ಮೇಲು.

ಅವಳಿ ಮಕ್ಕಳ ತಾಯಿ: ಆಟಿಕೆಯೇ? 2024ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಸ್ಯಾಮ್‌ಸಂಗ್ ಸಂಸ್ಥೆಯು ಮುಂಭಾಗದಲ್ಲಿ ನಾಬ್‌ಗಳಿರುವ 11 ಲಕ್ಷಕ್ಕೂ ಹೆಚ್ಚು ಒಲೆಗಳ ವಿಷಯದಲ್ಲಿ ಸುರಕ್ಷತಾ ಹಿಂಪಡೆತವನ್ನು ಪ್ರಕಟಿಸಿತು. ಮನುಷ್ಯರೋ ಸಾಕುಪ್ರಾಣಿಗಳೋ ತಗುಲಿ ನಾಬ್ ತಿರುಗಿ, ಸುಮಾರು 250 ಬೆಂಕಿ ಪ್ರಕರಣಗಳಾಗಿದ್ದವು. ಪರಿಹಾರವೆಂದು ಅವರು ಉಚಿತವಾಗಿ ಕೊಟ್ಟದ್ದು ನಾಬ್‌ನ ಬೀಗ ಅಥವಾ ಕವರನ್ನೇ.

ಒಲೆ ಬದಲಿಸಿದವರು: ಅವು ವಿದ್ಯುತ್ ಒಲೆಗಳು, ಅವಕ್ಕೆ ಥರ್ಮೋಕಪಲ್‌ನ ಮಾತೇ ಅನ್ವಯಿಸದು. ಓದಿ ಬರೆಯಿರಿ.

ಅಮ್ಮನನ್ನು ನೋಡಿಕೊಳ್ಳುತ್ತಿರುವ ಮಗ: ನಿಮ್ಮ ಥರ್ಮೋಕಪಲ್ ನನ್ನ ಅಮ್ಮನನ್ನು ತಡೆಯುವುದಿಲ್ಲ, ಸ್ವಾಮಿ. ಅವರು ಸರಿಯಾಗಿಯೇ ಒತ್ತಿ, ತಿರುಗಿಸಿ, ಉರಿ ಹಚ್ಚುತ್ತಾರೆ. ಖಾಲಿ ಪಾತ್ರೆ ಇಟ್ಟು ಹೋಗಿ ಮಲಗುತ್ತಾರೆ. ಉರಿ ಇರುವ ತನಕ ನಿಮ್ಮ ಕವಾಟವೂ ತೆರೆದೇ ಇರುತ್ತದೆ. ಕವರ್ ಹಾಕಿದೆ, ಜೀವಮಾನವಿಡೀ ಅಡುಗೆ ಮಾಡಿದ ಕೈ ಅದನ್ನು ಕಿತ್ತುಹಾಕಿತು. ನಾಬ್ ಬಚ್ಚಿಟ್ಟೆ, ಇಕ್ಕಳ ತಂದು ಕಡ್ಡಿಯನ್ನೇ ತಿರುಗಿಸಿದರು. ಕಡೆಗೆ ಗೋಡೆಯ ಕೊಳವೆಯಲ್ಲಿ ಬೀಗದ ಕವಾಟ ಕೂರಿಸಿದೆ. ಕೂಲಿ, ಸಾಮಾನು, ಸೋರಿಕೆ ಪರೀಕ್ಷೆ, ಒಡೆದ ಕಪಾಟಿನ ಹಿಂಬದಿ, ಅದಕ್ಕೆ ಹೊಂದುವ ಬಣ್ಣ ಸಿಗದೆ ಇಡೀ ಸಾಲಿಗೆ ಬಣ್ಣ ಬಳಿಸಿದ್ದು, ಎಲ್ಲವನ್ನೂ ಬರೆದಿಟ್ಟಿದ್ದೇನೆ. ಸಿಲಿಂಡರ್ ಇರುವವರಿಗೆ ರೆಗ್ಯುಲೇಟರ್ ಮುಚ್ಚಿ ಅದರ ಅಲಮಾರಿಗೆ ಬೀಗ ಹಾಕಿದರೂ ಸಾಕು.

ನಾಬ್ ಕಳಚಿಡುವವರು: ಒಬ್ಬ ಹೆಂಗಸನ್ನು ಅವರದೇ ಅಡುಗೆಮನೆಯಲ್ಲಿ ಬೀಗ ಹಾಕಿ ಹೊರಗಿಡುವುದೂ ಒಂದು ಪರಿಹಾರವೇ?

ಅಮ್ಮನನ್ನು ನೋಡಿಕೊಳ್ಳುತ್ತಿರುವ ಮಗ: ಸುಟ್ಟ ಪಾತ್ರೆಯ ಹೊಗೆಯಲ್ಲಿ ಅವರನ್ನು ಎಬ್ಬಿಸಿದವನು ನಾನು, ನೀವಲ್ಲ. ಗ್ಯಾಸ್ ಅಲಾರಂ ಕೂಡ ಇಡಿಸಿದ್ದೇನೆ, ಚಾವಣಿಯ ಹತ್ತಿರ.

ಒಲೆ ಬದಲಿಸಿದವರು: ಚಾವಣಿಯ ಹತ್ತಿರವೇ? ಎಲ್‌ಪಿಜಿ ಗಾಳಿಗಿಂತ ಭಾರ, ನೆಲದಲ್ಲಿ ಹರಡುತ್ತದೆ. ಗಾಳಿಯಲ್ಲಿ ಶೇಕಡಾ 2ರಷ್ಟು ಸೇರಿದರೂ ಅದಕ್ಕೆ ಕಿಡಿ ಸಾಕು.

ಅಮ್ಮನನ್ನು ನೋಡಿಕೊಳ್ಳುತ್ತಿರುವ ಮಗ: ಗೋಡೆಯ ಕೊಳವೆ ಎಂದು ಬರೆದದ್ದು ಕಾಣಲಿಲ್ಲವೇ? ನಮ್ಮದು ನೈಸರ್ಗಿಕ ಅನಿಲ, ಮೀಥೇನ್ ಗಾಳಿಗಿಂತ ಹಗುರ, ಮೇಲಕ್ಕೇರುತ್ತದೆ. ನೀವೇ ಓದಿ ಬರೆಯಿರಿ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ವಂದನೆಗಳು. ನಾಬ್‌ಗಳ ನಡುವೆ ಜಾಗವಿಲ್ಲದಿದ್ದರೆ ಕವರ್ ಹಿಡಿಸುತ್ತದೆಯೇ ಎಂಬುದನ್ನು ಯಾರಾದರೂ ಹೇಳಬಹುದೇ?

ಅವಳಿ ಮಕ್ಕಳ ತಾಯಿ: ನಾಬ್‌ನ ಅಗಲವನ್ನಲ್ಲ, ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಅಳೆಯಿರಿ, ಕವರ್‌ನ ತಳ ಅದಕ್ಕಿಂತ ಕಿರಿದಾಗಿದ್ದರೆ ಹಿಡಿಸುತ್ತದೆ. ಅಂಟಿನದನ್ನು ಮಾತ್ರ ತರಬೇಡಿ.

ನಾಬ್ ಕಳಚಿಡುವವರು: ಕಳಚಿಟ್ಟರೆ ಅಳೆಯುವ ಕೆಲಸವೂ ಇಲ್ಲ.