ಪದಚರ್ಚೆ: ಸಾವಯವ ತರಕಾರಿಯ ‘ಪರಿವರ್ತನಾ ಅವಧಿ’ಗೆ ಬೇರೆ ಮಾತು ಸಿಕ್ಕೀತೆ?

ಎಲ್ಲರಿಗೂ ನಮಸ್ಕಾರ.

ರಾಸಾಯನಿಕ ಗೊಬ್ಬರ, ಔಷಧಿ ಬಿಟ್ಟು ಸಾವಯವ ತರಕಾರಿಗೆ ಬರಲು ಹೊರಟ ಸಣ್ಣ ರೈತರಿಗಾಗಿ ಒಂದು ಕೈಪಿಡಿ ಸಿದ್ಧವಾಗುತ್ತಿದೆ. ಅದರ ಭಾಷೆ ನೋಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಉಳಿದದ್ದೆಲ್ಲ ಹೇಗೋ ಸಾಗಿತು, ರಾಸಾಯನಿಕ ಬಿಟ್ಟ ಮೇಲೆ ಬೆಳೆಯನ್ನು ಸಾವಯವ ಎಂದು ಮಾರುವ ತನಕ ಕಾಯಬೇಕಾದ ‘ಪರಿವರ್ತನಾ ಅವಧಿ’ ಎಂಬಲ್ಲಿ ಮಾತ್ರ ಪೆನ್ನು ಮುಂದಕ್ಕೆ ಹೋಗುತ್ತಿಲ್ಲ.

ಪದವೇನೋ ಶುದ್ಧವಾಗಿಯೇ ಇದೆ. ತೊಡಕಿರುವುದು ಅದರ ಪಕ್ಕದಲ್ಲಿ ‘ಜಮೀನು’ ಬಂದು ಕೂತಾಗ. ಭೂಪರಿವರ್ತನೆ ಎಂದರೆ ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಅರ್ಥ ಒಂದೇ: ಹೊಲ ಹೋಗಿ ಸೈಟು ಆಗುವುದು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನ ಬೆನ್ನು ಹತ್ತಿ ಬಂದ ಅರ್ಥ ಅದು. ‘ನಿಮ್ಮ ಜಮೀನಿನ ಪರಿವರ್ತನೆ ಯಾವಾಗ ಶುರುವಾಯಿತು?’ ಎಂದು ಕೈಪಿಡಿ ಕೇಳಿದರೆ ರೈತ ‘ಮಾಡಿಸಿಲ್ಲ ಸ್ವಾಮಿ, ಮಾರೋ ಯೋಚನೆ ಇಲ್ಲ’ ಅಂದಾನು. ಮಣ್ಣನ್ನು ಉಳಿಸಿಕೊಳ್ಳಲು ಹೊರಟವನಿಗೆ ಮಣ್ಣು ಕೈಬಿಡುವ ಪದ ಕೊಟ್ಟ ಹಾಗಾಯಿತು.

ಬೇರೆ ಪದ ಹುಡುಕುವ ಮೊದಲು ಈ ಅವಧಿ ಏನನ್ನು ಹೇಳುತ್ತದೆ ಎಂಬುದು ತಿಳಿಯಾಗಬೇಕು. ಆಹಾರಕ್ಕೆ ಅಂತಾರಾಷ್ಟ್ರೀಯ ಮಾನದಂಡ ರೂಪಿಸುವ ಕೋಡೆಕ್ಸ್‌ನ 1999ರ ಮಾರ್ಗಸೂಚಿ ವಾರ್ಷಿಕ ಬೆಳೆಗಳಿಗೆ ಬಿತ್ತನೆಗೆ ಮೊದಲು 2 ವರ್ಷ, ಬಹುವಾರ್ಷಿಕಗಳಿಗೆ ಮೊದಲ ಕೊಯ್ಲಿಗೆ ಮೊದಲು 3 ವರ್ಷ ಎಂದಿತು. ಯುರೋಪಿನ ನಿಯಮವೂ ಹೆಚ್ಚುಕಡಿಮೆ ಅದೇ. ಅಮೆರಿಕದಲ್ಲಿ ನಿಷೇಧಿತ ವಸ್ತುವನ್ನು ಕಡೆಯ ಸಲ ಹಾಕಿದ ದಿನದಿಂದ ಕೊಯ್ಲಿಗೆ 36 ತಿಂಗಳು ಕಳೆದಿರಬೇಕು. ಈ ಅವಧಿಯಲ್ಲಿ ರೈತ ಸಾವಯವದ ಕಟ್ಟುಪಾಡುಗಳನ್ನೆಲ್ಲ ಪಾಲಿಸಬೇಕು, ಆದರೆ ಬೆಳೆದದ್ದನ್ನು ಸಾವಯವ ಎಂದು ಮಾರುವ ಹಾಗಿಲ್ಲ. ಇಳುವರಿ ಕುಸಿಯುವುದೂ ಸಾಮಾನ್ಯವಾಗಿ ಆಗಲೇ. ಕೊಟ್ಟಿಗೆ ಗೊಬ್ಬರದಲ್ಲಿರುವ ಸಾರಜನಕದ ಒಂದು ಪಾಲು ಮಾತ್ರ ಮೊದಲ ವರ್ಷ ಗಿಡಕ್ಕೆ ದಕ್ಕುತ್ತದೆ, ಮಿಕ್ಕದ್ದು ಮಣ್ಣಿನ ಸೂಕ್ಷ್ಮಜೀವಿಗಳ ಕೈಯಲ್ಲಿ ನಿಧಾನಕ್ಕೆ ಬಿಡುಗಡೆಯಾಗಬೇಕು. ಕೀಟ ತಿನ್ನುವ ಕೀಟಗಳೂ ಔಷಧಿ ನಿಲ್ಲಿಸಿದ ಮರುದಿನವೇ ಬಂದು ಸೇರುವುದಿಲ್ಲ. ತರಕಾರಿಗೆ ಹಸಿವು ಹೆಚ್ಚು, ಬೆಳೆಯುವ ಅವಧಿ ಕಡಿಮೆ, ಆದ್ದರಿಂದ ಪೆಟ್ಟು ಬೇಗ ಕಾಣುತ್ತದೆ. ರೈತನಿಗೆ ನೆರವು ಬೇಕಾಗುವುದು ಮುಖ್ಯವಾಗಿ ಇಲ್ಲಿ. ಪ್ರಮಾಣಪತ್ರ ಸಿಕ್ಕ ಮೇಲೆ ಹೂವಿನ ಹಾರ ಹಾಕುವವರು ಬೇಕಾದಷ್ಟು ಜನ.

ಇನ್ನೊಂದು ಸೂಕ್ಷ್ಮ. ರೈತರ ಬಾಯಲ್ಲಿ ‘ಸಾವಯವಕ್ಕೆ ಬಂದು ಎರಡು ವರ್ಷ ಆಯ್ತು’ ಎಂಬ ಚೆಂದದ ವಾಕ್ಯವಿದೆ. ಅಲ್ಲಿ ಬರುವವನು ಮನುಷ್ಯ. ನಿಯಮ ಲೆಕ್ಕ ಹಾಕುವುದು ಮನುಷ್ಯನನ್ನಲ್ಲ, ಆ ತುಂಡು ಭೂಮಿಯನ್ನು. ಎರಡು ಎಕರೆಯಲ್ಲಿ ಅರ್ಧ ಎಕರೆಯನ್ನು ಮೊದಲು ಬದಲಿಸಿ, ಉಳಿದದ್ದನ್ನು ಆಮೇಲೆ ಸೇರಿಸಿಕೊಂಡರೆ ಪ್ರತಿ ತುಂಡಿಗೂ ಬೇರೆ ಲೆಕ್ಕ. ಎಣಿಕೆ ಶುರುವಾಗುವ ದಿನವೂ ಒಂದೇ ಅಲ್ಲ: ಯುರೋಪಿನಲ್ಲಿ ರೈತ ಅಧಿಕಾರಿಗಳಿಗೆ ತಿಳಿಸಿದ ಮೇಲೆ, ಅಮೆರಿಕದಲ್ಲಿ ಕಡೆಯ ಸಲ ಹಾಕಿದ ದಿನದಿಂದ. ರೈತ ಮನಸ್ಸು ಮಾಡಿದ ದಿನಕ್ಕೆ ಎರಡು ಕಡೆಯೂ ಬೆಲೆಯಿಲ್ಲ. ನಮಗೆ ಬೇಕಾದ ಪದ ಭೂಮಿಗೂ ಹೊಂದಬೇಕು, ಅಲ್ಲಿ ಬೆಳೆದ ಬೆಳೆಗೂ ಅಂಟಬೇಕು.

ಗೆಳೆಯರೊಬ್ಬರು ‘ಸಂಕ್ರಮಣ ಕಾಲ’ ಅಂದರು. ವಿಮರ್ಶೆಯ ಲೇಖನಕ್ಕಾದರೆ ಸರಿ. ಕೈಪಿಡಿಯಲ್ಲಿ ಹಾಕಿದರೆ ಎಳ್ಳುಬೆಲ್ಲ ನೆನಪಾಗುತ್ತದೆ. ‘ಹದಗಾಲ’ ನನಗೆ ಬಹಳ ಹಿಡಿಸಿತ್ತು. ಆದರೆ ‘ಹದ ಬಂದಿದೆ’ ಎಂದರೆ ಬಿತ್ತಲು ಸಿದ್ಧ ಎಂದರ್ಥ. ಹದ ಇನ್ನೂ ಬಾರದ ಕಾಲಕ್ಕೆ ಹದಗಾಲ ಎಂಬ ಹೆಸರಿಟ್ಟರೆ ರೈತರೇ ನಕ್ಕಾರು. ‘ಹೊರಳುಗಾಲ’ ಪರವಾಗಿಲ್ಲ: ಹೊರಳುವುದರಲ್ಲಿ ತಿರುವೂ ಇದೆ, ಪ್ರಯಾಸವೂ ಇದೆ. ‘ಹೊರಳುಗಾಲದ ಬೆಳೆ’ ಎಂದು ಚೀಲದ ಮೇಲೆ ಬರೆಯಲೂ ಬರುತ್ತದೆ. ಯುರೋಪಿನಲ್ಲಿ ಈ ಅವಧಿಯ 12 ತಿಂಗಳು ದಾಟಿದ ಮೇಲೆ ಕೊಯ್ದ ಬೆಳೆಯನ್ನು ‘ಬದಲಾಗುತ್ತಿರುವ’ ಎಂಬ ಗುರುತಿನಡಿ ಮಾರಲು ಅವಕಾಶವಿದೆ, ಅಂಥ ಗುರುತಿಗೆ ಕನ್ನಡದಲ್ಲೂ ಒಂದು ಮಾತು ಬೇಕೇ ಬೇಕಲ್ಲ. ಆದರೂ ‘ಹೊರಳು’ ಎಂದಾಗ ಕೆಲವರಿಗೆ ನೆಲದ ಮೇಲೆ ಬಿದ್ದು ಹೊರಳಾಡುವುದು ಕಣ್ಣಿಗೆ ಬರುತ್ತದೆಯೇನೋ ಎಂಬ ಅಳುಕಿದೆ.

ಮಾತು ಬಂದದ್ದಕ್ಕೆ ‘ಸಾವಯವ’ವನ್ನೂ ಸ್ವಲ್ಪ ಕೆದಕುತ್ತೇನೆ. ರಸಾಯನಶಾಸ್ತ್ರದಲ್ಲಿ ಯೂರಿಯಾ ಸಾವಯವ, ಅಂದರೆ ಇಂಗಾಲದ, ಸಂಯುಕ್ತ. 1828ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ವೋಲರ್ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದ್ದು ಪಠ್ಯಪುಸ್ತಕದ ಕಥೆ. ಸಾವಯವ ಹೊಲಕ್ಕೆ ಮಾತ್ರ ಯೂರಿಯಾ ಚೀಲಕ್ಕೆ ಪ್ರವೇಶವಿಲ್ಲ. ಇತ್ತ ಶಿಲಾರಂಜಕ (ರಾಕ್ ಫಾಸ್ಫೇಟ್) ಪಕ್ಕಾ ನಿರವಯವ, ಅದಕ್ಕೆ ಅನುಮತಿ ಇದೆ. ವಿಜ್ಞಾನ ಓದಿದ ರೈತನ ಮಗಳು ಇದನ್ನು ಕೇಳಿಯೇ ಕೇಳುತ್ತಾಳೆ. ಅದಕ್ಕೆ ಉತ್ತರವಿರುವುದು ಆ ಪದದ ಇನ್ನೊಂದು ಕವಲಿನಲ್ಲಿ: 1940ರಲ್ಲಿ ಇಂಗ್ಲೆಂಡಿನ ಲಾರ್ಡ್ ನಾರ್ತ್‌ಬೋರ್ನ್ ಈ ಕೃಷಿಗೆ ‘ಆರ್ಗ್ಯಾನಿಕ್’ ಎಂದು ಹೆಸರಿಟ್ಟಾಗ ಅವರ ಮನಸ್ಸಿನಲ್ಲಿದ್ದದ್ದು ಇಂಗಾಲದ ಸಂಯುಕ್ತವಲ್ಲ, ಇಡೀ ತೋಟವೇ ಅವಯವಗಳಿರುವ ಒಂದು ಜೀವಿ ಎಂಬ ಕಲ್ಪನೆ. ಆ ಲೆಕ್ಕದಲ್ಲಿ ಸ-ಅವಯವ ಎಷ್ಟು ಸರಿಯಾಗಿ ಕೂತಿದೆ ನೋಡಿ. ಮರಾಠಿ, ತೆಲುಗಿನವರ ‘ಸೇಂದ್ರಿಯ’ವೂ ಅದೇ ಜಾಡಿನದು, ಹಿಂದಿಯವರು ‘ಜೈವಿಕ’ ಎನ್ನುತ್ತಾರೆ. ನಾವು ‘ಜೈವಿಕ ಗೊಬ್ಬರ’ವನ್ನು ರೈಜೋಬಿಯಂನಂಥ ಜೀವಾಣು ಗೊಬ್ಬರಕ್ಕೆ ಮೀಸಲಿಟ್ಟಿದ್ದೇವೆ, ಹಾಗೇ ಇರಲಿ. ‘ಸಾವಯವ’ವನ್ನು ನಾನಂತೂ ಮುಟ್ಟುವುದಿಲ್ಲ.

‘ಸಣ್ಣ ರೈತ’ ಎಂಬಲ್ಲಿ ಎಚ್ಚರ ಬೇಕು. ಭಾರತದ ಕೃಷಿ ಗಣತಿಯಲ್ಲಿ 1ರಿಂದ 2 ಹೆಕ್ಟೇರ್‌ನವರು ಸಣ್ಣ ರೈತರು, 1ಕ್ಕಿಂತ ಕಡಿಮೆ ಇರುವವರು ಅತಿ ಸಣ್ಣ ರೈತರು. ಕೈಪಿಡಿಯ ಮೂಲ ಬರಹದಲ್ಲಿ ಇಬ್ಬರೂ ಸೇರಿದ್ದಾರೆ. ಬರೀ ‘ಸಣ್ಣ ರೈತ’ ಎಂದು ಬರೆದರೆ ಎರಡು ಎಕರೆಯವನು ಕಾಗದದ ಮೇಲೆ ಹೊರಗುಳಿಯುತ್ತಾನೆ. ಸದ್ಯಕ್ಕೆ ‘ಸಣ್ಣ ಹಿಡುವಳಿಯವರು’ ಎಂದು ಬರೆದಿದ್ದೇನೆ. ‘ಸುಸ್ಥಿರ’ ಸರ್ಕಾರಿ ವಾಸನೆಯದಾದರೂ ಬೇರೂರಿದೆ, ಅದರ ಗೋಜಿಗೆ ಹೋಗಿಲ್ಲ. ‘ಬೆಂಬಲ’ ಎಂದರೆ ಓದುವವರು ‘ಬೆಂಬಲ ಬೆಲೆ’ಗೆ ಜಾರುತ್ತಾರೆಂದು ‘ಒತ್ತಾಸೆ’ ಹಾಕಿದೆ. ಹಣದ ಜೊತೆಗೆ ಜೊತೆಗಿರುವುದೂ ಅದರಲ್ಲಿದೆ.

ನನ್ನ ಪ್ರಶ್ನೆ ಇಷ್ಟು. ಕೃಷಿಕರ ನಡುವೆ ಓಡಾಡುವವರು ಈ ನಡುವಿನ ಎರಡು ಮೂರು ವರ್ಷಕ್ಕೆ ಏನಾದರೂ ಹೆಸರು ಹೇಳುವುದನ್ನು ಕೇಳಿದ್ದೀರಾ? ‘ಹೊರಳುಗಾಲ’ ನಿಮ್ಮ ಕಡೆ ಹೇಗೆ ಕೇಳಿಸುತ್ತದೆ? ಆ ಕಾಲದ ಬೆಳೆಗೆ ಚೀಟಿಯ ಮೇಲೆ ಬರೆಯುವಷ್ಟು ಚಿಕ್ಕ ಪದ ಇನ್ನಾವುದಾದರೂ ಇದ್ದರೆ, ಅರ್ಥದ ಜೊತೆಗೆ ಬಳಕೆಯ ಒಂದು ವಾಕ್ಯವನ್ನೂ ದಯವಿಟ್ಟು ಬರೆಯಿರಿ.